ಹಳೆಯ ಮಟ್ಟು, ಮಾಗಿದ ಕಂಠ

ವೃತ್ತಿ ನಾಟಕದ ಕಂಪನಿಗಳು ಒಂದೊಂದಾಗಿ ಡೇರೆ ಕಿತ್ತ ಮೇಲೆ, ಅವುಗಳಲ್ಲಿ ಬಣ್ಣ ಹಚ್ಚಿ ಬಾಳು ಸವೆಸಿದ ನಟನಟಿಯರು ಮುಪ್ಪಿನಲ್ಲಿ ಮತ್ತೆ ಒಂದುಗೂಡಿ, ಹಾರ್ಮೋನಿಯಂ ತಬಲಗಳ ಸಾಹಚರ್ಯದಲ್ಲಿ ಅಂದಿನ ಜನಪ್ರಿಯ ರಂಗಗೀತೆಗಳನ್ನು ಹಾಡುವ ಪದ್ಧತಿಯೊಂದು ನಮ್ಮ ನಾಡಿನಲ್ಲಿ ಬೆಳೆದು ಬಂದಿದೆ. ಇದು ಕಲೆಯ ಮುಂದುವರಿಕೆಯೋ ಗತವೈಭವದ ಶ್ರಾದ್ಧವೋ ಎಂಬ ಪ್ರಶ್ನೆ ವಿಚಾರಾರ್ಹವಾದುದು. ಪಾಶ್ಚಾತ್ಯ ರಾಕ್ ಸಂಗೀತಗಾರರ ವಿಷಯದಲ್ಲಿಯೂ ಇದೇ ಜಿಜ್ಞಾಸೆ ನಡೆದಿದೆ: 1962ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ರೋಲಿಂಗ್ ಸ್ಟೋನ್ಸ್ ತಂಡದ ಮುಖ್ಯ ಗಾಯಕ ಮಿಕ್ ಜಾಗರ್ ಎಂಬತ್ತು ದಾಟಿದ ಮೇಲೂ ವೇದಿಕೆಯನ್ನು ಬಿಡಲಿಲ್ಲ, ಲೆಡ್ ಜೆಪೆಲಿನ್ ತಂಡದವರಾದರೋ 2007ರ ಡಿಸೆಂಬರಿನಲ್ಲಿ ಒಂದು ರಾತ್ರಿ ಒಂದುಗೂಡಿ ಹಾಡಿ, ಅಲ್ಲಿಗೇ ನಿಲ್ಲಿಸಿದರು. ಆದರೆ ಆ ಕಲೆಯ ನ್ಯಾಯವನ್ನು ನಮ್ಮ ರಂಗಕ್ಕೆ ಯಥಾವತ್ತಾಗಿ ಅನ್ವಯಿಸುವುದು ಸಲ್ಲದು.

ಏಕೆಂದರೆ ಕಂಪನಿ ರಂಗಭೂಮಿಯ ಪ್ರಾಣ ಕಂಠದಲ್ಲಿತ್ತೇ ಹೊರತು ಕಾಯದಲ್ಲಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಮೈಸೂರಿನ ಚಾಮರಾಜೇಂದ್ರ ಒಡೆಯರ ಆಶ್ರಯದಲ್ಲಿ ಅರಮನೆಯ ನಾಟಕ ಸಭೆ ರೂಪುಗೊಂಡು, ಬಸವಪ್ಪ ಶಾಸ್ತ್ರಿಗಳ ಶಾಕುಂತಲ ಕನ್ನಡದಲ್ಲಿ ರಂಗವೇರಿದಂದಿನಿಂದ, ಎ. ವಿ. ವರದಾಚಾರ್ಯರ ರತ್ನಾವಳಿ ಕಂಪನಿಯ ಉಚ್ಛ್ರಾಯದವರೆಗೆ, ಪ್ರೇಕ್ಷಕನು ಪಾತ್ರವನ್ನು ಮೊದಲು ಕಿವಿಯಿಂದಲೇ ಗ್ರಹಿಸುತ್ತಿದ್ದನು. ಗಂಡಸು ಸ್ತ್ರೀವೇಷ ಧರಿಸಿ ನಿಂತರೂ, ನಡುವಯಸ್ಸಿನವನು ರಾಜಕುಮಾರನಾದರೂ, ಹಾಡು ಶ್ರುತಿಬದ್ಧವಾಗಿ ರಸವನ್ನು ಎರೆದರೆ ಅವನ ಮನಸ್ಸು ಒಪ್ಪುತ್ತಿತ್ತು. ಹೀಗಿರುವಲ್ಲಿ, ನರೆಗೂದಲ ನಟಿಯೊಬ್ಬಳು ‘ಸದಾರಮೆ’ ನಾಟಕದ ನಾಯಕಿಯ ಹಾಡನ್ನು ಎತ್ತಿಕೊಂಡರೆ ಅದನ್ನು ಅನೌಚಿತ್ಯವೆಂದು ಹಳಿಯುವುದಕ್ಕೆ ಈ ಪರಂಪರೆಯೊಳಗೆ ಆಧಾರವಿಲ್ಲ. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಕೊನೆಯ ಸಾಲಿನಲ್ಲಿ ನೆಲದ ಮೇಲೆ ಕುಳಿತವನಿಗೂ ಕೇಳಿಸಲೆಂದು ಎತ್ತರದ ಶ್ರುತಿಯಲ್ಲಿ ಹಾಡುತ್ತಿದ್ದವರು, ಇಂದು ವಯಸ್ಸಿಗೆ ತಕ್ಕಂತೆ ಶ್ರುತಿಯನ್ನು ಇಳಿಸಿಕೊಂಡರೆ ಅದು ವಿವೇಕವೇ ಸರಿ. ಹಳೆಯ ಎತ್ತರಕ್ಕೇ ಹಟ ಹಿಡಿದು ಕಂಠವನ್ನು ಹಿಂಡುವುದು ಮಾತ್ರ ಹಾಡಿಗೂ ಹಾಡುವವರಿಗೂ ಅಪಚಾರ.

ನನ್ನ ಆಕ್ಷೇಪಣೆ ಇರುವುದು ವಯಸ್ಸಿನ ವಿಷಯದಲ್ಲಲ್ಲ, ಹಾಡನ್ನು ನಾಟಕದಿಂದ ಬೇರ್ಪಡಿಸುವ ವಿಷಯದಲ್ಲಿ. ಮರಾಠಿ ನಾಟಕಗಳ ಹಾಗೂ ಪಾರ್ಸಿ ರಂಗದ ಮಟ್ಟುಗಳನ್ನೂ, ನಮ್ಮ ಕೀರ್ತನೆ ಜಾವಳಿಗಳ ವರಸೆಗಳನ್ನೂ ನಿಸ್ಸಂಕೋಚವಾಗಿ ಸ್ವೀಕರಿಸಿ, ಬೆಳ್ಳಾವೆ ನರಹರಿ ಶಾಸ್ತ್ರಿಗಳಂಥ ಕವಿಗಳು ಸಂದರ್ಭಕ್ಕೆ ಒಪ್ಪುವ ಹೊಸ ಸಾಹಿತ್ಯವನ್ನು ಹೊಂದಿಸುತ್ತಿದ್ದರು. ಆದುದರಿಂದ ಹಳೆಯ ಮಟ್ಟಿಗೆ ಹೊಸ ಮಾತನ್ನು ಕೂಡಿಸುವುದೇ ಈ ಸಂಪ್ರದಾಯದ ಮೂಲಧರ್ಮ. ಸಭಿಕರು ‘ಒನ್ಸ್ ಮೋರ್’ ಎಂದು ಕೂಗಿದಾಗ ನಟನು ಅದೇ ಹಾಡನ್ನು ಎರಡನೆಯ ಸಲ ಹಾಡುತ್ತಿದ್ದನೆಂಬುದು ನಿಜ; ಆದರೆ ಸಮರ್ಥನಾದವನು ಸಂಗತಿಗಳನ್ನು ಬದಲಿಸಿ ಹೊಸ ಭಾವವನ್ನು ತೋರುತ್ತಿದ್ದನೇ ಹೊರತು ಮೊದಲಿನದನ್ನೇ ಒಪ್ಪಿಸುತ್ತಿರಲಿಲ್ಲ. ಕಥೆಯಿಲ್ಲದೆ, ಪಾತ್ರವಿಲ್ಲದೆ, ಹತ್ತು ನಾಟಕಗಳ ಹತ್ತು ಹಾಡುಗಳನ್ನು ಸಾಲಾಗಿ ಪೋಣಿಸುವ ಕಚೇರಿಯಲ್ಲಿ ಈ ಧರ್ಮ ಲೋಪವಾಗುತ್ತದೆ.

ಮೈಸೂರಿನಲ್ಲಿ 1934ರಲ್ಲಿ ಹುಟ್ಟಿದ ಮಾಸ್ಟರ್ ಹಿರಣ್ಣಯ್ಯನವರು ಇಂಥ ಕಚೇರಿಗೆ ಉತ್ತಮ ಪ್ರತಿದೃಷ್ಟಾಂತ. ತಂದೆ ಕೆ. ಹಿರಣ್ಣಯ್ಯನವರು 1953ರಲ್ಲಿ ತೀರಿಕೊಂಡ ಬಳಿಕ ಕಂಪನಿಯ ಭಾರ ಹೊತ್ತು, ‘ಲಂಚಾವತಾರ’ವನ್ನು ಹತ್ತು ಸಾವಿರಕ್ಕೂ ಮಿಕ್ಕಿ ಪ್ರದರ್ಶಿಸಿದ ಅವರು, ಅಂದಂದಿನ ರಾಜಕೀಯವನ್ನೂ ಆಯಾ ಊರಿನ ಅನ್ಯಾಯವನ್ನೂ ಮಾತಿನೊಳಗೆ ಹೆಣೆಯುತ್ತಿದ್ದುದರಿಂದ, ನಾಟಕ ಹಳೆಯದಾದರೂ ಆಟ ಹಳತಾಗಲಿಲ್ಲ. ಬಾಲ್ಯದಲ್ಲಿ ಮನೆಬಿಟ್ಟು ಗುಬ್ಬಿ ವೀರಣ್ಣನವರ ಕಂಪನಿಯನ್ನು ಸೇರಿದ ಬಿ. ವಿ. ಕಾರಂತರಾದರೋ ಇನ್ನೊಂದು ಮಾರ್ಗವನ್ನು ಹಿಡಿದರು. ಅಲ್ಲಿ ಕಿವಿಗೆ ಬಿದ್ದ ನಾದವನ್ನು ‘ಹಯವದನ’, ‘ಜೋಕುಮಾರಸ್ವಾಮಿ’ಗಳಂಥ ಹೊಸ ನಾಟಕಗಳಲ್ಲಿ ಕರಗಿಸಿ, 1989ರಲ್ಲಿ ಮೈಸೂರಿನಲ್ಲಿ ರಂಗಾಯಣವನ್ನು ಕಟ್ಟಿದಾಗ ಆ ಸಂಸ್ಕಾರವನ್ನು ತರುಣ ನಟರಿಗೆ ದಾಟಿಸಿದರು. ಒಬ್ಬರು ಹಳೆಯ ನಾಟಕವನ್ನು ಹೊಸ ಕಾಲಕ್ಕೆ ತೆರೆದರು, ಇನ್ನೊಬ್ಬರು ಹಳೆಯ ನಾದವನ್ನು ಹೊಸ ನಾಟಕಕ್ಕೆ ತಂದರು. ಸ್ಮರಣೆಯನ್ನೇ ಬಂಡವಾಳವಾಗಿಸಿಕೊಂಡು ಇಬ್ಬರೂ ತೃಪ್ತರಾಗಲಿಲ್ಲ.

ಹಾಗೆಂದು ವೃದ್ಧ ಕಲಾವಿದರು ಸುಮ್ಮನಿರಬೇಕೆಂದು ಹೇಳುವುದು ಕೃತಘ್ನತೆಯಾದೀತು. ಸಾಹಿತ್ಯ ಪುಸ್ತಕದಲ್ಲಿ ಉಳಿಯಬಹುದು, ರಾಗತಾಳಗಳ ಹೆಸರೂ ಉಳಿಯಬಹುದು. ಕಂದಪದ್ಯದ ಕೊನೆಯಲ್ಲಿ ಸ್ವರವನ್ನು ಎಲ್ಲಿ ಹಿಡಿದು, ಎಲ್ಲಿ ಬಿಟ್ಟು, ಎದುರು ಪಾತ್ರದ ಮಾತಿಗೆ ಹೇಗೆ ಎಡೆಮಾಡಿಕೊಡಬೇಕೆಂಬ ಮರ್ಮ ಮಾತ್ರ ಹಾಡಿ ಬಾಳಿದವರ ಕಂಠದಲ್ಲಿಯೇ ಇದೆ. ಕಂಪನಿಗಳಲ್ಲಿ ಬೆಳೆದು ರಂಗಸಂಗೀತದ ಗುರುಗಳಾದ ಆರ್. ಪರಮಶಿವನ್ ಅವರೂ, ಗುಬ್ಬಿ ವೀರಣ್ಣನವರ ಮೊಮ್ಮಗಳಾದ ಬಿ. ಜಯಶ್ರೀಯವರೂ ಈ ಮರ್ಮವನ್ನು ಕಿರಿಯರಿಗೆ ಒಪ್ಪಿಸಿದ್ದರಿಂದಲೇ ಅದು ಇಂದಿಗೂ ಕೇಳಿಸುತ್ತಿದೆ.

ಆದಕಾರಣ ಹಿರಿಯರು ಒಂದುಗೂಡಲಿ, ಮನದಣಿಯೆ ಹಾಡಲಿ. ಆದರೆ ಒಂಟಿ ಹಾಡುಗಳಿಗೆ ಬದಲಾಗಿ ನಾಟಕದ ಒಂದು ಅಂಕವನ್ನಾದರೂ ಇಡಿಯಾಗಿ ಎತ್ತಿಕೊಂಡು, ಪಕ್ಕದಲ್ಲಿ ಕಿರಿಯರನ್ನು ಪಾತ್ರಧಾರಿಗಳನ್ನಾಗಿ ನಿಲ್ಲಿಸಿಕೊಳ್ಳಲಿ. ದಸರೆಯ ಸಂಭ್ರಮದಲ್ಲಿ ಅವರಿಗೆ ಶಾಲು ಹೊದಿಸಿ ಕಳುಹಿಸುವ ಸಂಸ್ಥೆಗಳು ವರ್ಷದ ಉಳಿದ ತಿಂಗಳುಗಳಲ್ಲಿ ಅವರಿಗೆ ಶಿಷ್ಯರನ್ನೂ ಜೀವನವೇತನವನ್ನೂ ಒದಗಿಸಲಿ. ಹಾಡಿದವರನ್ನು ಗೌರವಿಸುವುದಕ್ಕೂ ಹಾಡನ್ನು ಉಳಿಸುವುದಕ್ಕೂ ಇದಕ್ಕಿಂತ ಯೋಗ್ಯವಾದ ಮಾರ್ಗ ನನಗೆ ತೋರದು.