ಎರಿ ಹೊಲ ಮಡ್ಡಿಯಾದದ್ದು

ಜೇವರ್ಗಿ ತಾಲ್ಲೂಕಿನ ಭೀಮಾ ದಂಡೆಯ ಹೊಲವೊಂದರಲ್ಲಿ, ಎಳ್ಳಮಾವಾಸ್ಯೆಯ ದಿನ, ಚರಗ ಚೆಲ್ಲಿ ಭಜ್ಜಿ, ಸಜ್ಜಿರೊಟ್ಟಿ ಉಂಡಾದ ಮೇಲೆ ಆ ಮನೆಯ ಮುತ್ಯಾನ ಫೋಟೊ ತೆಗೆದಿದ್ದೆ. ಬಿಳಿ ಧೋತರ, ಬೆನ್ನ ಹಿಂದೆ ತೆನೆಗಟ್ಟಿದ ಬಿಳಿಜೋಳ, ಕಾಲಡಿ ಬಿರುಕು ಬಿಟ್ಟ ಕಪ್ಪು ಎರಿ ಮಣ್ಣು. ನಾನಾಗ ಎಡಿಟಿಂಗ್ ಹೊಸದಾಗಿ ಹಿಡಿದವ, ಕೈ ಸುಮ್ಮನಿರಬೇಕಲ್ಲ. ರಾತ್ರಿ ಕೂತು ಶ್ಯಾಡೋ ಪೂರ್ತಿ ಎತ್ತಿದೆ, ಬಣ್ಣ ಏರಿಸಿದೆ, ಅಂಚುಗಳನ್ನು ಕತ್ತಿಯಷ್ಟು ಹರಿತ ಮಾಡಿದೆ. ಮರುವಾರ ಪ್ರಿಂಟ್ ಒಯ್ದು ಕೊಟ್ಟರೆ ಮುತ್ಯಾ ಅದನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿ, ‘ಎರಿ ಹೊಲಾನ ಮಡ್ಡಿ ಮಾಡಿ ತಂದೀಯಲ್ಲೋ ತಮ್ಮಾ’ ಅಂದರು.

ಬಿತ್ತಿದ ಬೀಜವೂ ಕೈಗೆ ಮರಳದ ಕಲ್ಲುನೆಲಕ್ಕೆ ನಮ್ಮ ಕಡೆ ಮಡ್ಡಿ ಎನ್ನುತ್ತಾರೆ. ಎರಿಯನ್ನೇ ನಂಬಿ ಬದುಕಿದವರ ಬಾಯಲ್ಲಿ ಇದಕ್ಕಿಂತ ಕಟುವಾದ ಫೋಟೊ ವಿಮರ್ಶೆ ನಾನು ಕೇಳಿಲ್ಲ.

ತಪ್ಪಿನಲ್ಲಿ ಅರ್ಧ ಕ್ಯಾಮೆರಾದ್ದು. ಅದರೊಳಗಿನ ಮೀಟರ್‌ಗೆ ಮಣ್ಣೂ ಗೊತ್ತಿಲ್ಲ, ಧೋತರವೂ ಗೊತ್ತಿಲ್ಲ. ಎದುರಿಗೆ ಏನೇ ಇರಲಿ, ಬಿದ್ದ ಬೆಳಕಿನಲ್ಲಿ ಸುಮಾರು ನೂರಕ್ಕೆ 18 ಪಾಲನ್ನು ಹಿಂದಿರುಗಿಸುವ ನಡುಬೂದು ಬಣ್ಣ ಎಂದೇ ಅದರ ನಂಬಿಕೆ. ಎರಿ ಮಣ್ಣು ಅಷ್ಟು ಬೆಳಕನ್ನು ಎಲ್ಲಿ ಬಿಟ್ಟುಕೊಡುತ್ತದೆ? ಚೌಕಟ್ಟಿನ ತುಂಬ ಕಪ್ಪೇ ಕಂಡಾಗ ಕ್ಯಾಮೆರಾ ‘ಕತ್ತಲಾಗಿದೆ’ ಎಂದುಕೊಂಡು ಬೆಳಕು ಹೆಚ್ಚಿಸುತ್ತದೆ. ಮಣ್ಣು ಒಲೆಯ ಬೂದಿಯಾಗುತ್ತದೆ. ಒಣಹಾಕಿದ ಜೋಳದ ರೊಟ್ಟಿಯ ಬುಟ್ಟಿಯನ್ನು ಹತ್ತಿರದಿಂದ ತೆಗೆದು ನೋಡಿ, ತದ್ವಿರುದ್ಧ ಆಟ: ಬೆಳ್ಳಗಿನ ರೊಟ್ಟಿ ಹಳಸಿದಂತೆ ಕಾಣುತ್ತದೆ. ಎರಿ ಹೊಲದಲ್ಲಿ ನಿಂತಾಗ ಎಕ್ಸ್‌ಪೋಷರನ್ನು ಒಂದು ಸ್ಟಾಪ್, ಅಂದರೆ ಅರ್ಧಕ್ಕೆ, ಇಳಿಸುವುದು ಇದಕ್ಕೇ. ಈಗಿನ ಮೊಬೈಲುಗಳದಂತೂ ಇನ್ನೊಂದು ಹೆಜ್ಜೆ ಮುಂದೆ. ನಾವು ಕೇಳದಿದ್ದರೂ ನೆರಳನ್ನೆಲ್ಲ ತಾವೇ ಬಗೆದು ಬೆಳಗಿಸಿ ಕೊಡುತ್ತವೆ.

ಉಳಿದರ್ಧ ತಪ್ಪು ನನ್ನದೇ. ಶ್ಯಾಡೋ ಎಂಬ ಗೆರೆಯನ್ನು ಬಲಕ್ಕೆ ಎಳೆದರೆ ಅಡಗಿದ್ದೆಲ್ಲ ಎದ್ದು ಬರುತ್ತದೆ, ಹೊಸಬರಿಗೆ ಅದೊಂದು ಜಾದೂ. ಜೆಪೆಗ್ ಚಿತ್ರದಲ್ಲಿ ಒಂದೊಂದು ಬಣ್ಣಕ್ಕೂ ಇರುವುದು ಬರೀ 256 ಮೆಟ್ಟಿಲು. ಕ್ಯಾಮೆರಾ ಕಂಡದ್ದನ್ನು ಹಸಿಯಾಗಿಯೇ ಉಳಿಸುವ 14 ಬಿಟ್ಟಿನ ರಾ ಫೈಲಿನಲ್ಲಿ 16,384. ಆದರೆ ಸಂವೇದಕದ ಹಂಚಿಕೆ ಊರಗೌಡನ ಪಂಕ್ತಿಯಂಥದ್ದು: ಅತಿ ಬೆಳಕಿನ ಒಂದೇ ಸ್ಟಾಪಿಗೆ ಅದರಲ್ಲಿ ಅರ್ಧ, 8,192 ಮೆಟ್ಟಿಲು ಹೋಗುತ್ತವೆ. ಅದರ ಕೆಳಗಿನದಕ್ಕೆ ಉಳಿದುದರ ಅರ್ಧ, ಮತ್ತೆ ಅರ್ಧ. ಕಪ್ಪಿನ ಎಲೆಗೆ ಬರುವಷ್ಟರಲ್ಲಿ ಪಾತ್ರೆ ಬಳಿದಿರುತ್ತದೆ. ಅಲ್ಲಿ ಇಲ್ಲದ್ದನ್ನು ಬಲವಂತದಿಂದ ಎತ್ತಿದರೆ ಸಿಗುವುದು ಹೆಂಟೆಯಲ್ಲ, ಕೆಂಪು-ಹಸಿರು ಚುಕ್ಕೆಗಳ ಗಲೀಜು.

ಅಫಜಲಪುರ ತಾಲ್ಲೂಕಿನ ಗಾಣಗಾಪುರದಲ್ಲಿ ಭೀಮಾ-ಅಮರ್ಜಾ ಸಂಗಮಕ್ಕೆ ಚಳಿಗಾಲದ ಬೆಳಗಿನಲ್ಲಿ ಹೋದವರಿಗೆ ಇನ್ನೊಂದು ಪಾಠ ಕಾದಿರುತ್ತದೆ. ನದಿಗೆ ಇಳಿದವರ ಮೈಮೇಲೆ ಅರಿಸಿನ ಹಚ್ಚಿದಂಥ ಬಿಸಿಲು. ಆಟೋ ವೈಟ್ ಬ್ಯಾಲೆನ್ಸ್ ಅದನ್ನು ದೋಷವೆಂದು ತಿಳಿದು ತಿದ್ದಿಬಿಡುತ್ತದೆ, ಏಳು ಗಂಟೆಯ ಸಂಗಮ ಮಟಮಟ ಮಧ್ಯಾಹ್ನವಾಗುತ್ತದೆ. 5,500 ಕೆಲ್ವಿನ್ ಆಸುಪಾಸಿನ ಡೇಲೈಟ್‌ಗೆ ಕಟ್ಟಿಹಾಕಿ, ಹಳದಿಯನ್ನು ಅದರ ಪಾಡಿಗೆ ಬಿಡಿ. ಅಷ್ಟೇ.

ನಿಜವಾಗಿ ಸಿಟ್ಟು ಬರುವುದು ಮದುವೆ ಆಲ್ಬಮ್‌ಗಳನ್ನು ನೋಡಿದಾಗ. ಆಳಂದದ ಕಡೆಯ ಮದುವೆಯೊಂದರ ಆಲ್ಬಮ್ ಇತ್ತೀಚೆಗೆ ಕೈಗೆ ಬಂತು. ಮದುಮಗಳು ನಾನು ಬಲ್ಲ ಹುಡುಗಿ, ತೊಗರಿ ರಾಶಿಯ ಬಿಸಿಲಲ್ಲಿ ಬೆಳೆದವಳು, ಎಣ್ಣೆಗಪ್ಪಿನ ಚೆಂದದ ಮುಖ. ಆಲ್ಬಮ್ಮಿನಲ್ಲಿ ಇದ್ದವಳು ಯಾರೋ, ನಾನು ಕಾಣೆ. ಮುಖ ಮೈದಾ, ಕೈ ಮಾತ್ರ ಅವಳದೇ! ಹಳೆಯ ಸ್ಟುಡಿಯೊಗಳಲ್ಲೂ ಟಚಿಂಗ್ ಇತ್ತು. ನೆಗೆಟಿವ್ ಮೇಲೆ ಚೂಪು ಪೆನ್ಸಿಲ್ ಆಡಿಸಿದರೆ ಪ್ರಿಂಟಿನಲ್ಲಿ ಆ ಜಾಗ ತಿಳಿಯಾಗಿ ಸುಕ್ಕು ಮುಚ್ಚುತ್ತಿತ್ತು. ಗಂಟೆಗಟ್ಟಲೆಯ ಕಸುಬಾದ್ದರಿಂದ ಅವರು ಸುಕ್ಕಿಗೇ ನಿಲ್ಲಿಸುತ್ತಿದ್ದರೇನೋ.

ಕಪ್ಪಿನ ಮೇಲಿನ ಈ ಅಸಡ್ಡೆ ನಮ್ಮೂರಿನದಷ್ಟೇ ಅಲ್ಲ. ಬಣ್ಣದ ಪ್ರಿಂಟನ್ನು ಸರಿಹೊಂದಿಸಿಕೊಳ್ಳಲೆಂದು ಕೊಡಾಕ್ ಕಂಪನಿ ಲ್ಯಾಬುಗಳಿಗೆ ಕಳಿಸುತ್ತಿದ್ದ ಷರ್ಲಿ ಕಾರ್ಡಿನಲ್ಲಿ ದಶಕಗಳ ಕಾಲ ಇದ್ದದ್ದು ಬಿಳಿಯ ಹೆಣ್ಣಿನ ಮುಖವೇ. ಆ ಮೈಬಣ್ಣ ಸರಿ ಬಂದರೆ ಎಲ್ಲ ಸರಿ. ಕಂದು-ಕಪ್ಪು ಛಾಯೆಗಳು ಒಂದರೊಳಗೊಂದು ಕಲಸಿಹೋಗುತ್ತವೆಂಬ ದೂರು ಕಂಪನಿಯ ಕಿವಿಗೆ ನಾಟಿದ್ದು ಚಾಕೊಲೇಟ್ ಮತ್ತು ಮರದ ಪೀಠೋಪಕರಣ ಮಾಡುವವರು ಗೊಣಗಿದ ಮೇಲೆ. ಮನುಷ್ಯರ ದೂರಿಗಿಂತ ಕುರ್ಚಿಯ ದೂರು ಭಾರ ತೂಗಿತ್ತು.

ಯಾವ ಆ್ಯಪ್ ಎಂದು ಕೇಳುವವರಿಗೆ: 2012ರಲ್ಲಿ ಗೂಗಲ್ ಕೊಂಡುಕೊಂಡ ಸ್ನ್ಯಾಪ್‌ಸೀಡ್ ಮೊಬೈಲಿಗೆ ಸಾಕು, ಕಾಸಿಲ್ಲ. ಕಂಪ್ಯೂಟರಿದ್ದರೆ ಡಾರ್ಕ್‌ಟೇಬಲ್, ಅದಕ್ಕೂ ಕಾಸಿಲ್ಲ. ಅದಕ್ಕಿಂತ ಮೊದಲು ಪರದೆಯ ಬೆಳಕನ್ನು ಒಂದು ಮಟ್ಟಕ್ಕೆ ನಿಲ್ಲಿಸಿ, ಹಳದಿಯ ನೈಟ್ ಮೋಡ್ ಬಂದ್ ಮಾಡಿ. ಕರೆಂಟ್ ಹೋದ ಕೋಣೆಯಲ್ಲಿ ಮಬ್ಬು ಪರದೆಯ ಮೇಲೆ ತಿದ್ದಿದ ಚಿತ್ರ ಬೆಳಿಗ್ಗೆ ಕಣ್ಣು ಕುಕ್ಕುತ್ತದೆ. ಪರದೆಯ ಬೆಳಕನ್ನು ಪೂರ್ತಿ ಏರಿಸಿಕೊಂಡು ತಿದ್ದಿದ್ದು ಆಮೇಲೆ ಇಜ್ಜಲಾಗುತ್ತದೆ. ಹಿಸ್ಟೋಗ್ರಾಮ್ ಎಂಬ ಗುಡ್ಡದಂಥ ನಕ್ಷೆ ನೆರವಿಗೆ ಬರುವುದು ಕಣ್ಣು ಹೀಗೆ ಮೋಸಹೋದಾಗಲೇ. ಎರಿ ಹೊಲದ ಚಿತ್ರದಲ್ಲಿ ಆ ಗುಡ್ಡ ಎಡಕ್ಕೇ, ಕಪ್ಪಿನ ಕಡೆಗೇ ವಾಲಿರಬೇಕು. ನಡುವಿಗೆ ಬಂದು ಚೆಂದಾಗಿ ಕೂತಿದ್ದರೆ ಹೊಲ ಮಡ್ಡಿಯಾಗಿದೆ ಎಂದೇ ಅರ್ಥ.

ಮುತ್ಯಾನ ರಾ ಫೈಲ್ ಪುಣ್ಯಕ್ಕೆ ಅಳಿಸಿರಲಿಲ್ಲ. ಮೊದಲಿನಿಂದ ಶುರುಮಾಡಿದೆ. ಶ್ಯಾಡೋ ಮುಟ್ಟಲಿಲ್ಲ, ಒಟ್ಟು ಬೆಳಕನ್ನು ಒಂದು ಸ್ಟಾಪ್ ಇಳಿಸಿದೆ. ಮಣ್ಣು ಮಣ್ಣಾಯಿತು, ಬಿರುಕಿನೊಳಗಿನ ಕತ್ತಲು ತನ್ನ ಜಾಗಕ್ಕೆ ಮರಳಿತು. ಎರಡನೆಯ ಪ್ರಿಂಟನ್ನು ಮುತ್ಯಾ ಬಹಳ ಹೊತ್ತು ನೋಡಿದರು. ‘ಹೊಲ ಈಗ ಬರೋಬರಿ ಬಂದದ ನೋಡು. ಖರೆ, ನನ್ನ ಧೋತರ ಯಾಕ ಇಷ್ಟು ಮಾಸ್ಯದ?’

ಧೋತರದ ಮೇಲಷ್ಟೇ ಬ್ರಷ್ ಆಡಿಸಿ, ಅಂಚು ಮೀರದ ಹಾಗೆ ಬೆಳಕು ಕೊಡುವುದನ್ನು ಕಲಿಯಲು ಇನ್ನೂ ಮೂರು ಸಂಜೆ ಹಿಡಿದವು.