ಬೋಲ್ಟ್ ಕೂತರೆ ಸಾಕೇ?

ಮಜ್ದಾ ಆರ್‌ಎಕ್ಸ್-7ರ ಮೂರನೆಯ ತಲೆಮಾರು, ಅಂದರೆ 1991ರಿಂದ 2002ರವರೆಗೆ ತಯಾರಾದ ಎಫ್‌ಡಿ, ಹೆಸರು ಗಳಿಸಿದ್ದೂ ಎಂಜಿನ್‌ನಿಂದ, ಮಾಲೀಕರ ನಿದ್ದೆ ಕೆಡಿಸಿದ್ದೂ ಎಂಜಿನ್‌ನಿಂದ. ಅದರ 13ಬಿ ರೋಟರಿಯಲ್ಲಿ ಪಿಸ್ಟನ್ ಇಲ್ಲ. ತ್ರಿಕೋನಾಕಾರದ ಎರಡು ರೋಟರ್‌ಗಳು ತಿರುಗುತ್ತವೆ. ಅವುಗಳ ಮೂಲೆಗಳಲ್ಲಿರುವ ತೆಳ್ಳನೆಯ ಅಪೆಕ್ಸ್ ಸೀಲ್‌ಗಳೇ ಒತ್ತಡ ಹಿಡಿದಿಡಬೇಕು. ಇಂಧನದ ಹದ ತಪ್ಪಿ ನಾಕಿಂಗ್ ಶುರುವಾದರೆ ಸೀಲ್ ಮುರಿಯುತ್ತದೆ, ಎಂಜಿನ್ ಕೈಕೊಡುತ್ತದೆ. ಆಗ ಬದಲಿಗೆ ಏನು? ಅಮೆರಿಕದ ಗ್ಯಾರೇಜುಗಳಲ್ಲಿ ಸಿದ್ಧ ಉತ್ತರವೊಂದಿದೆ: ಷೆವ್ರೊಲೆ ಕಾರ್ವೆಟ್‌ನ ಎಲ್‌ಎಸ್1 ವಿ8.

ಇದನ್ನು ಒಪ್ಪದವರ ಮೊದಲ ಆಕ್ಷೇಪ ತೂಕದ್ದು. 1.3 ಲೀಟರ್ ಇಳಿಸಿ 5.7 ಲೀಟರ್ ಏರಿಸಿದರೆ ಮುಂಭಾಗ ಭಾರವಾಗದೇ? ಈ ಆಕ್ಷೇಪ ಪರೀಕ್ಷೆಗೆ ನಿಲ್ಲುವುದಿಲ್ಲ. ಎಲ್‌ಎಸ್1ರ ಬ್ಲಾಕ್, ಹೆಡ್ ಎರಡೂ ಅಲ್ಯೂಮಿನಿಯಂ. ಕ್ಯಾಮ್‌ಶಾಫ್ಟ್ ಬ್ಲಾಕ್‌ನೊಳಗೇ ಇರುವುದರಿಂದ ಹೆಡ್‌ಗಳು ಚಿಕ್ಕವು. ಹಳೇ ಕಾಲದ್ದೆಂದು ಮೂಗು ಮುರಿಯುವ ಪುಷ್‌ರಾಡ್ ವಿನ್ಯಾಸವೇ ಇಲ್ಲಿ ಜಾಗ ಉಳಿಸುತ್ತದೆ. ರೋಟರಿಯ ಜೊತೆ ಎರಡು ಟರ್ಬೊ, ಇಂಟರ್‌ಕೂಲರ್, ಅವುಗಳ ಪೈಪುಗಳೂ ಇಳಿಯುವುದರಿಂದ ಹೆದರುವಷ್ಟು ವ್ಯತ್ಯಾಸ ಉಳಿಯದು.

ಜಪಾನಿ ಕಾರಿಗೆ ಜಪಾನಿ ಎಂಜಿನ್ನೇ ಇರಲಿ ಎಂದು ಟೊಯೊಟಾ ಸುಪ್ರಾದ 2ಜೆಜೆಡ್ ಕೂರಿಸುವವರ ವಾದ ಇನ್ನೂ ದುರ್ಬಲ. ಕಬ್ಬಿಣದ ಬ್ಲಾಕ್, ಒಂದೇ ಸಾಲಿನ ಆರು ಸಿಲಿಂಡರ್; ಗಟ್ಟಿಮುಟ್ಟು ನಿಜ, ಆದರೆ ಉದ್ದ ಮತ್ತು ಭಾರ. ಗಿಡ್ಡ ರೋಟರಿಯನ್ನು ಮುಂದಿನ ಆಕ್ಸಲ್‌ನಿಂದ ಹಿಂದಕ್ಕೆ ಸರಿಸಿ ಕೂರಿಸಲೆಂದೇ ರೂಪಿಸಿದ ಜಾಗದಲ್ಲಿ ಅದು ಮುಂದಕ್ಕೆ ಚಾಚಿಕೊಳ್ಳುತ್ತದೆ. ಊರು ಒಂದೇ ಆದ ಮಾತ್ರಕ್ಕೆ ಜಾತಕ ಕೂಡುವುದಿಲ್ಲ. ಮಜ್ದಾದ್ದೇ ಆದ ಯೂನೋಸ್ ಕಾಸ್ಮೊ ಕಾರಿನ ಮೂರು ರೋಟರ್‌ಗಳ 20ಬಿ ಸ್ವಂತ ಕುಲದ್ದೇ, ಆದರೆ ಅದೂ ಉದ್ದ; ಸಿಗುವುದೂ ಅಪರೂಪ.

ವಿ8 ಬಗ್ಗೆ ನನ್ನ ತಕರಾರು ಬೇರೆ. ಹೊಂದಾಣಿಕೆ ತಿಳಿಯಬೇಕಾದರೆ, ಹಳೆಯ ಎಂಜಿನ್‌ನ ಹಿಂದೆ ಕಾರಿನಿಂದ ಇನ್ನೇನೇನು ಇಳಿಯುತ್ತದೆಂದು ಲೆಕ್ಕ ಹಾಕಬೇಕು. ಆರಂಭದ 13ಬಿಯ ಟಾರ್ಕ್ 294 ನ್ಯೂಟನ್ ಮೀಟರ್. ಎಲ್‌ಎಸ್1ರದ್ದು ಸುಮಾರು 475. ಹಾಗಾಗಿ ಮೂಲ ಗೇರ್‌ಬಾಕ್ಸ್ ಹೋಗಿ ಟಿ56 ಬರುತ್ತದೆ. ಗೇರ್‌ಬಾಕ್ಸಿಗೂ ಡಿಫರೆನ್ಷಿಯಲ್‌ಗೂ ನಡುವೆ ಬಿಗಿದಿದ್ದ ಚೌಕಟ್ಟು ಹೋಗುತ್ತದೆ. ಡಿಫರೆನ್ಷಿಯಲ್‌ಗೆ ಹೊಸ ಆಸರೆ ಕಟ್ಟಬೇಕು. ಸಬ್‌ಫ್ರೇಮ್, ಪ್ರೊಪೆಲ್ಲರ್ ಶಾಫ್ಟ್, ವೈರಿಂಗ್, ಇಸಿಯು, ಒಂದೊಂದಾಗಿ ಸಾಲಿಗೆ ಸೇರುತ್ತವೆ. ಕೊನೆಗೆ ಹೋಗುವುದು ಚಾಲನೆಯ ರೀತಿ: 8,000 ಆರ್‌ಪಿಎಂವರೆಗೆ ಸಲೀಸಾಗಿ ಏರುವ ಎಂಜಿನ್ನನ್ನು ಸದಾ ಚುರುಕಾಗಿಟ್ಟುಕೊಂಡು ಓಡಿಸುವ ಜಾಣ್ಮೆ. ಪೆಡಲ್ ಮುಟ್ಟಿದೊಡನೆ ಎಳೆಯುವ ವಿ8ಗೆ ಆ ಜಾಣ್ಮೆ ಬೇಕಿಲ್ಲ.

ದಿನನಿತ್ಯದ ಓಡಾಟಕ್ಕೆ ಅದೇ ಸುಖ ಎನ್ನುವವರಿಗೆ ವಿ8 ಸರಿಯಾದ ಆಯ್ಕೆಯೇ. ಆರ್‌ಎಕ್ಸ್-7 ಓಡಿಸುವ ಆಸೆಯವರಿಗೆ ಮಾತ್ರ ಬಿಚ್ಚಿ ಕಟ್ಟಿದ 13ಬಿಗಿಂತ ಹೊಂದುವ ಬದಲಿ ಇಲ್ಲ. ಆದರೆ ಹಳೆಯದು ಏಕೆ ಸತ್ತಿತೆಂದು ಮೊದಲು ತಿಳಿಯಬೇಕು: ರೇಡಿಯೇಟರ್ ಸಾಲಲಿಲ್ಲವೇ, ಕಾವಿಗೆ ಬಿರುಕುಬಿಟ್ಟ ವ್ಯಾಕ್ಯೂಮ್ ಹೋಸ್ ಕಾರಣವೇ, ಇಂಧನ ಹೆಚ್ಚಿಸದೆ ಬೂಸ್ಟ್ ಮಾತ್ರ ಏರಿಸಿದ್ದರೇ? ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ರೋಟರಿಗೆಂದೇ ಇರುವ ಮೀಟರ್ ಹಚ್ಚಿ, ಪ್ರತಿ ರೋಟರ್‌ನ ಮೂರೂ ಮುಖಗಳ ಕಂಪ್ರೆಷನ್ ಬೇರೆಬೇರೆಯಾಗಿ ನೋಡಬೇಕು. ಇಷ್ಟು ಮಾಡದವರಿಗೆ ಎರಡನೆಯ ರೋಟರಿಯೂ ಬಾಳದು. ಅಂಥವರು ರೋಟರಿಯನ್ನು ದೂರುವ ಮುನ್ನ ತಮ್ಮ ಮೆಕ್ಯಾನಿಕ್‌ನನ್ನು ಬದಲಿಸುವುದು ಅಗ್ಗ.