ಎತ್ತರದ ನಾಯಿ, ಘಟ್ಟದ ದಾರಿ

ಡೊಂಬಿವಲಿಯಿಂದ ಊರಿಗೆ ಹೊರಡುವಾಗ, ಸಾಕಿದ ದೊಡ್ಡ ನಾಯಿಯನ್ನು ಅನ್ಯರ ವಶಕ್ಕೊಪ್ಪಿಸಲು ಮನಸ್ಸೊಪ್ಪದೆ, ಅದನ್ನೂ ಕಾರಿನಲ್ಲಿ ಕುಳ್ಳಿರಿಸಿಕೊಂಡು ನಿಪ್ಪಾಣಿಯ ಮಾರ್ಗವಾಗಿ ಬಾಗಲಕೋಟೆ, ಧಾರವಾಡಗಳ ಕಡೆಗೆ ಸಾಗುವ ಕನ್ನಡ ಕುಟುಂಬಗಳನ್ನು ಕಂಡಾಗಲೆಲ್ಲ ನನಗೆ ಪರಮ ಸಂತೋಷವಾಗುತ್ತದೆ. ಆದರೆ ಅಂಥ ಪ್ರಯಾಣದ ವೇಳೆಯನ್ನು ನಿರ್ಣಯಿಸತಕ್ಕದ್ದು ನಾಯಿಯ ದೇಹಧರ್ಮ.

ಮನುಷ್ಯನಂತೆ ಮೈಯೆಲ್ಲ ಬೆವರುವ ಅನುಕೂಲ ಅದಕ್ಕಿಲ್ಲ. ಏದುಸಿರಿನಿಂದಲೇ ಅದು ತನ್ನ ಶಾಖವನ್ನು ಹೊರದೂಡಬೇಕು. ಬಿಸಿಲಿನಲ್ಲಿ ನಿಂತ ಕಾರಿನ ಒಳಗಿನ ತಾಪವೋ 10 ನಿಮಿಷಗಳಲ್ಲೇ ಸುಮಾರು 10 ಡಿಗ್ರಿ ಸೆಲ್ಸಿಯಸ್ ಏರಿಬಿಡುವುದರಿಂದ, ಕಿಟಕಿಯನ್ನು ಎರಡಂಗುಲ ಇಳಿಸಿಟ್ಟು ಎಲ್ಲರೂ ಚಹಾಕ್ಕೆ ಹೋಗುವುದು ಸರ್ವಥಾ ಕೂಡದು. ಕಲ್ಯಾಣ, ಡೊಂಬಿವಲಿಯವರು ಶಿಳ್‌ಫಾಟಾದ ಹಗಲಿನ ದಟ್ಟಣೆಗೆ ಸಿಲುಕದಂತೆ, ಠಾಣೆಯವರು ಐರೋಳಿಯ ದಾರಿ ಹಿಡಿದು, ಬೆಳಗಿನ ಜಾವ ನಾಲ್ಕಕ್ಕೆ ಮೊದಲೇ ಹೊರಟು ಕಳಂಬೋಲಿಯನ್ನು ದಾಟಿದರೆ, ಬಿಸಿಲೇರುವುದರೊಳಗೆ ಪುಣೆ ಹಿಂದುಳಿಯುತ್ತದೆ.

ಖಂಡಾಲಾ ಘಟ್ಟದ ತಿರುವುಗಳಲ್ಲಿ ನಾಯಿ ಚಡಪಡಿಸುವುದನ್ನು ಕಂಡು ಅದಕ್ಕೆ ಭಯವೆಂದು ಅನೇಕರು ಭಾವಿಸುತ್ತಾರೆ. ಹಿಂದಿನ ಸೀಟನ್ನು ಹತ್ತಿರದಿಂದ ನೋಡಿರಿ: ನುಣುಪಾದ ರೆಕ್ಸಿನ್ನಿನ ಮೇಲೆ ನಾಲ್ಕು ಕಾಲುಗಳೂ ಜಾರಿ, ಉಗುರುಗಳು ಹಿಡಿತಕ್ಕಾಗಿ ಪರದಾಡುತ್ತಿರುತ್ತವೆ. ಒರಟಾದ ಕುರಿಯ ಉಣ್ಣೆಯ ಕಂಬಳಿಯೊಂದನ್ನು ಬಿಗಿಯಾಗಿ ಹಾಸಿದರೆ ಅರ್ಧ ಕಳವಳ ಅಲ್ಲಿಯೇ ಶಮನವಾಗುತ್ತದೆ.

ಮುಧೋಳದ ಅರಸ ಮಾಲೋಜಿರಾವ್ ಘೋರ್ಪಡೆಯವರು ಐದನೆಯ ಜಾರ್ಜ್ ದೊರೆಗೆ ಕಾಣಿಕೆಯಾಗಿತ್ತ, 2005ರಲ್ಲಿ ಭಾರತದ ಅಂಚೆಚೀಟಿಯ ಮೇಲೂ ಮೂಡಿದ ನಮ್ಮ ಮುಧೋಳ ನಾಯಿಯನ್ನು ಒಯ್ಯುವವರಿಗೆ ಇನ್ನೂ ಒಂದು ಎಚ್ಚರಿಕೆ ಅವಶ್ಯ. ಕಣ್ಣಿನಿಂದಲೇ ಬೇಟೆಯನ್ನರಸುವ ಈ ತಳಿಯ ತಲೆ ಕೊರಳಿಗಿಂತ ಕಿರಿದಾದುದರಿಂದ, ಸಾಮಾನ್ಯ ಕೊರಳಪಟ್ಟಿ ಒಂದೇ ಹಿಂಜಗ್ಗಿಗೆ ಕಳಚಿಹೋಗುತ್ತದೆ. ಹೆದ್ದಾರಿಯ ಬದಿಯ ಹೊಲದಲ್ಲಿ ಮೊಲವೊಂದು ಸುಳಿದರಾಯಿತು, ಯಾವ ಕೂಗೂ ಅದರ ಕಿವಿಗೆ ತಲುಪದು. ಎದೆಪಟ್ಟಿಯನ್ನು ತೊಡಿಸಿ, ಅದನ್ನೇ ಸೀಟ್‌ಬೆಲ್ಟಿಗೆ ಬಿಗಿದು, ಹಗ್ಗ ಕೈಗೆ ಬಂದ ಮೇಲಷ್ಟೇ ಬಾಗಿಲು ತೆರೆಯಬೇಕು. ಕೊರಳಿಗೆ ಮಾತ್ರ ಕಟ್ಟಿದರೆ, ಹಠಾತ್ತನೆ ಬ್ರೇಕ್ ಒತ್ತಿದಾಗ ಕುತ್ತಿಗೆಗೇ ಅಪಾಯ.

ಆಳವಾದ ಎದೆಯ ದೊಡ್ಡ ನಾಯಿಗಳಲ್ಲಿ ಜಠರವು ಉಬ್ಬಿ ತಿರುಚಿಕೊಳ್ಳುವ ಪ್ರಾಣಾಂತಿಕ ವ್ಯಾಧಿಯುಂಟು. ಹೊರಡುವ ಮುನ್ನ ಹೊಟ್ಟೆ ತುಂಬ ಉಣಿಸದೆ, ದಾರಿಯಲ್ಲಿ ನೀರನ್ನು ಸ್ವಲ್ಪಸ್ವಲ್ಪವಾಗಿ ಕುಡಿಸಿರಿ.

ರಜೆಗೆ ಊರಿಗೆ ಹೋಗಲಿರುವ ಮಿತ್ರರು ದೂರಪ್ರಯಾಣವನ್ನೇ ಮೊದಲ ಪಾಠವಾಗಿಸದೆ, ಬರುವ ಭಾನುವಾರದ ನಸುಕಿನಲ್ಲಿ ಠಾಣೆ–ಬೇಲಾಪುರ ರಸ್ತೆಯಲ್ಲಿ ನಾಯಿಯನ್ನು ಕರೆದೊಯ್ದು ಅಭ್ಯಾಸವನ್ನಾರಂಭಿಸಬೇಕೆಂದು ನನ್ನ ವಿನಂತಿ.